ನಿಂತಾಗ ಬೇಕಾಗುವ ಸಾಮಾನು: ಇಪ್ಪತ್ತೊಂದು ಅಡಿಯ ಹಾಯಿದೋಣಿಗೆ ನಾವು ಆರಿಸಿದ್ದು, ಬಿಟ್ಟದ್ದು

ದೋಣಿ ಕಟ್ಟುವವರು ಕಳಿಸಿದ ಪಟ್ಟಿ ನಾಲ್ಕು ಪುಟ ಇತ್ತು. ದೋಣಿಯ ಬೆಲೆ ಮೊದಲ ಮೂರು ಸಾಲಿನಲ್ಲೇ ಮುಗಿದಿತ್ತು. ಉಳಿದದ್ದೆಲ್ಲ ‘ಬೇಕಿದ್ದರೆ’. ಬೇಕಿದ್ದರೆ ಈ ಕೀಲ್, ಬೇಕಿದ್ದರೆ ಆ ಮೋಟಾರು, ಬೇಕಿದ್ದರೆ ಕಪ್ಪು ಬಣ್ಣದ ಹಗ್ಗ. ಎಲ್ಲಕ್ಕೂ ಹೂಂ ಅಂದರೆ ಇನ್ನೊಂದು ಅರ್ಧ ದೋಣಿಯ ದುಡ್ಡು.

ನಾವಿರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಊರು ಗಂಗೊಳ್ಳಿ ಕಡೆ. ಅಲ್ಲಿ ದೋಣಿ ಅಂದರೆ ಹೊಟ್ಟೆಪಾಡು, ಇಲ್ಲಿ ಶನಿವಾರ ಭಾನುವಾರದ ಹುಚ್ಚು. ಸುದ್ದಿ ಹೇಳಿದಾಗ ದೊಡ್ಡಪ್ಪ ಫೋನಿನಲ್ಲೇ ನಕ್ಕರು. “ದುಡ್ಡ್ ಕೊಟ್ಟ್ ಕಡ್ಲಿಗ್ ಹೋಪ್ದಾ ಮಾರಾಯಾ?” ಉತ್ತರ ನನ್ನ ಹತ್ತಿರ ಇರಲಿಲ್ಲ.

ಪಟ್ಟಿಗೆ ಸಹಿ ಹಾಕುವ ಮೊದಲು ನಾನೂ ನನ್ನ ಹೆಂಡತಿಯೂ ಎರಡು ಬೇಸಿಗೆ ಬೇರೆಯವರ ದೋಣಿಗಳಲ್ಲಿ ಓಡಾಡಿದೆವು. ಕೆಲವನ್ನು ಬಾಡಿಗೆಗೆ ತಗೊಂಡೆವು, ಕೆಲವಕ್ಕೆ ಬಾಡಿಗೆಯ ಬದಲು ಬಿಸಿಬೇಳೆಬಾತ್ ಕೊಟ್ಟೆವು. ಎರಡನೇ ತಿಂಗಳಲ್ಲೇ ಒಂದು ವಿಷಯ ಗೊತ್ತಾಯಿತು. ಓಡುವಾಗ ಎಲ್ಲ ಸಾಮಾನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಳಿ ನಿಂತಾಗ, ನೀರು ಇಳಿದಾಗ, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅದರ ನಿಜವಾದ ಬಣ್ಣ ಕಾಣುತ್ತದೆ. ನಾವು ಆರಿಸಿದ್ದೆಲ್ಲ ಹೀಗೆ ‘ನಿಂತಾಗ’ ಏನಾಗುತ್ತದೆ ಅನ್ನುವುದನ್ನು ನೋಡಿಯೇ.

ಮೊದಲು ಕೀಲ್. ದೋಣಿಯ ಹೊಟ್ಟೆಯ ಕೆಳಗೆ ನೀರಿನೊಳಗೆ ಇಳಿದಿರುವ ಭಾರದ ರೆಕ್ಕೆ ಅದು. ಗಾಳಿ ಪಕ್ಕದಿಂದ ದೂಡಿದಾಗ ದೋಣಿ ಅಡ್ಡಡ್ಡ ಜಾರದಂತೆ ತಡೆಯುತ್ತದೆ, ಮಗುಚದಂತೆ ಕಾಯುತ್ತದೆ. ಪಟ್ಟಿಯಲ್ಲಿ ಮೂರು ಬಗೆ ಇತ್ತು: ಒಂದೇ ಉದ್ದನೆಯ ಫಿನ್ ಕೀಲ್, ಎರಡು ಕಾಲಿನ ಬಿಲ್ಜ್ ಕೀಲ್, ಮೇಲಕ್ಕೆ ಎತ್ತಬಹುದಾದ ಲಿಫ್ಟ್ ಕೀಲ್.

ಓಡುವುದರಲ್ಲಿ ಫಿನ್ ಕೀಲೇ ರಾಜ, ಅದರಲ್ಲಿ ಅನುಮಾನವಿಲ್ಲ. ಎದುರುಗಾಳಿಗೆ ಓರೆಯಾಗಿ ಏರುವಾಗ ಬಿಲ್ಜ್ ಕೀಲಿನ ದೋಣಿಯನ್ನು ಹಿಂದೆ ಹಾಕಿಯೇ ಹಾಕುತ್ತದೆ. ಆದರೆ ಅದಕ್ಕೆ ಒಂದು ಮೀಟರಿಗಿಂತ ಜಾಸ್ತಿ ಆಳ ಬೇಕು. ನಾವು ಓಡಾಡುವುದು ಸೊಲೆಂಟ್‌ನಲ್ಲಿ, ಅಂದರೆ ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಕಡಲು. ಪೋರ್ಟ್ಸ್‌ಮತ್ ಬಳಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು ನಾಲ್ಕು ಮೀಟರ್ ವ್ಯತ್ಯಾಸ. ನಮ್ಮೂರಿನ ಅಳಿವೆಯಲ್ಲಿ ಎರಡು ಮೀಟರ್ ದಾಟದ ಉಬ್ಬರ ನೋಡಿ ಬೆಳೆದವನಿಗೆ ಇದು ಮಾಯಾಜಾಲವೇ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಕೊಕ್ಕರೆ ನಡೆಯುತ್ತಿರುತ್ತದೆ.

ನ್ಯೂಟೌನ್ ಕ್ರೀಕ್ ಅಂತ ದ್ವೀಪದ ಉತ್ತರ ದಡದಲ್ಲಿ ಒಂದು ಹಿನ್ನೀರಿದೆ. ಫಿನ್ ಕೀಲಿನ ದೋಣಿಯಲ್ಲಿ ಅಲ್ಲಿಗೆ ಹೋದಾಗ ಲೆಕ್ಕ ತಪ್ಪಿತು. ಕೀಲ್ ಕೆಸರಿಗೆ ಕೂತಿತು, ನೀರು ಇಳಿಯಿತು, ದೋಣಿ ಪಕ್ಕಕ್ಕೆ ಮಲಗಿತು. ಆರು ಗಂಟೆ ನಾವಿಬ್ಬರೂ ಗೋಡೆಯನ್ನೇ ನೆಲ ಮಾಡಿಕೊಂಡು ಕೂತೆವು. ಮುಂದಿನ ತಿಂಗಳು ಬಿಲ್ಜ್ ಕೀಲಿನ ದೋಣಿಯಲ್ಲಿ ಬೇಕಂತಲೇ ಅದೇ ಕೆಸರಿನ ಮೇಲೆ ಕೂತೆವು. ಅದು ಎರಡು ಕಾಲೂರಿ ನೆಟ್ಟಗೆ ನಿಂತಿತು. ನಾವು ಅನ್ನ ಸಾರು ಉಂಡು ನಿದ್ದೆ ಹೊಡೆದೆವು.

ಲಿಫ್ಟ್ ಕೀಲ್ ಇನ್ನೂ ಕಡಿಮೆ ನೀರಿನಲ್ಲಿ ನುಗ್ಗುತ್ತದೆ, ಟ್ರೇಲರ್ ಮೇಲೆ ಸುಲಭವಾಗಿ ಏರುತ್ತದೆ. ದೋಣಿಯನ್ನು ಮನೆಯ ಮುಂದೆ ಇಡುವವರಿಗೆ ಅದೇ ಸರಿ. ಆದರೆ ಕೀಲ್ ಮೇಲೆ ಬಂದು ಕೂರುವ ಪೆಟ್ಟಿಗೆ ಕ್ಯಾಬಿನ್ನಿನ ನಟ್ಟನಡುವೆ ಇರುತ್ತದೆ. ಒಮ್ಮೆ ಆ ಸಂದಿಯಲ್ಲಿ ಬೆಣಚುಕಲ್ಲು ಸಿಕ್ಕಿಕೊಂಡು ಕೀಲ್ ಕೆಳಗಿಳಿಯಲೇ ಇಲ್ಲ. ನಮ್ಮ ಆಯ್ಕೆ ಎರಡು ಕಾಲು. ಬ್ರಿಟನ್ನಿನಲ್ಲಿ ಈ ಬಗೆ ಇಷ್ಟೊಂದು ಇರುವುದು ಸುಮ್ನೆ ಅಲ್ಲ. 1969ರಿಂದ 1980ರವರೆಗೆ ತಯಾರಾದ ವೆಸ್ಟರ್ಲಿ ಸೆಂಟಾರ್ ಅನ್ನುವ 26 ಅಡಿಯ ಎರಡು ಕಾಲಿನ ದೋಣಿ ಎರಡು ಸಾವಿರಕ್ಕೂ ಹೆಚ್ಚು ಮಾರಾಟವಾಗಿತ್ತು. ಇವತ್ತಿಗೂ ಇಲ್ಲಿನ ಕೆಸರಿನಲ್ಲಿ ಅವು ಎಮ್ಮೆಗಳ ಹಾಗೆ ನಿಂತಿರುತ್ತವೆ.

ಮೋಟಾರಿನ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ, ದುಡ್ಡು ಇನ್ನೊಂದು ಕಡೆ ಹೋಯಿತು. ಒಂದು ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರನ್ನು ಎರಡು ವಾರ ಇಟ್ಟುಕೊಂಡಿದ್ದೆವು. ಬ್ಯೂಲಿ ನದಿಯಲ್ಲಿ ಮೇಲಕ್ಕೆ ಹೋದ ಆ ಸಂಜೆ ಮರೆಯುವಂಥದ್ದಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಎರಡೂ ದಡದ ಹಕ್ಕಿಗಳ ಮಾತು ಕೇಳಿಸುತ್ತದೆ. ಬ್ಯಾಟರಿ ಬಿಚ್ಚಿಟ್ಟರೆ ಒಂದೇ ಕೈಯಲ್ಲಿ ಎತ್ತಬಹುದು. ಹೆಂಡತಿ ಆಗಲೇ “ಇದೇ” ಅಂದಿದ್ದಳು.

ಮರುದಿನ ವಾಪಸ್ ಬರುವಾಗ ಗಾಳಿ ಬಿತ್ತು, ಹರಿವು ಎದುರಾಯಿತು. ಬ್ಯಾಟರಿಯಲ್ಲಿ ಇದ್ದದ್ದು ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಕರೆಂಟು. ನಿಧಾನಕ್ಕೆ ಹೋದರೆ ಮೂರು ನಾಲ್ಕು ಗಂಟೆ ಬರುತ್ತದೆ, ಪೂರ್ತಿ ತಿರುಗಿಸಿದರೆ ಒಂದು ಗಂಟೆಯೂ ಕಷ್ಟ. ಎದುರು ಹರಿವಿಗೆ ನಿಧಾನಕ್ಕೆ ಹೋದರೆ ನಿಂತಲ್ಲೇ ನಿಂತಂತೆ. ಪರದೆಯ ಮೇಲೆ ಶೇಕಡಾ 60 ಇದ್ದದ್ದು 20ಕ್ಕೆ ಇಳಿಯಿತು, ದಡದ ಮರ ಮಾತ್ರ ಕದಲಲಿಲ್ಲ. ಕೊನೆಗೆ ಹಡಗುಗಳ ದಾರಿಯಿಂದ ಬದಿಗೆ ಸರಿದು ಲಂಗರು ಹಾಕಿ, ಹರಿವು ತಿರುಗುವ ತನಕ ಚಕ್ಕುಲಿ ತಿಂದೆವು. ಸೊಲೆಂಟ್‌ನ ಪಶ್ಚಿಮದ ಬಾಯಲ್ಲಿರುವ ಹರ್ಸ್ಟ್ ಕೋಟೆಯ ಇಕ್ಕಟ್ಟಿನಲ್ಲಿ ಹರಿವು ನಾಲ್ಕು ನಾಟ್, ಅಂದರೆ ಗಂಟೆಗೆ ಏಳು ಕಿಲೋಮೀಟರ್ ದಾಟುತ್ತದೆ. ಅಲ್ಲಿ ಹೀಗಾಗಿದ್ದರೆ?

ಪೆಟ್ರೋಲಿನ ಆರು ಅಶ್ವಶಕ್ತಿಯ ಮೋಟಾರು 25 ಕಿಲೋ ಆಸುಪಾಸು ತೂಗುತ್ತದೆ, ಗುರ್ ಅನ್ನುತ್ತದೆ, ನಾರುತ್ತದೆ. ಆದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಇದೆ. ಸಣ್ಣ ಎಂಜಿನ್ ಅದರ ಬಹುಪಾಲನ್ನು ಬಿಸಿಯಾಗಿಯೇ ಕಳೆದರೂ, ಒಂದು ಲೀಟರ್ ಆ ಇಡೀ ಬ್ಯಾಟರಿಗೆ ಸಮ ಅಥವಾ ಅದಕ್ಕಿಂತ ಮೇಲು. ಹನ್ನೆರಡು ಲೀಟರಿನ ಟ್ಯಾಂಕು ಅಂದರೆ ಲೆಕ್ಕ ನೀವೇ ಹಾಕಿ. ಪೆಟ್ರೋಲೇ ತಗೊಂಡೆವು. ಅದರ ಕಾಟವೂ ಕಡಿಮೆಯಲ್ಲ. ಇಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಚಳಿಗಾಲಪೂರ್ತಿ ಹಾಗೇ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಪೈಪ್ ಕಳಚಿ, ಒಳಗಿನ ಪೆಟ್ರೋಲ್ ಮುಗಿಯುವ ತನಕ ಓಡಿಸಿ ಎತ್ತಿಟ್ಟರೆ ವಸಂತದಲ್ಲಿ ತೊಂದರೆಯಿಲ್ಲ. ಇನ್ನೊಂದು ಮಾತು: ಲಾಂಗ್ ಶಾಫ್ಟ್ ಕೇಳಿ, ಅಂದರೆ ಫ್ಯಾನು ನೀರಿನಲ್ಲಿ ಇನ್ನಷ್ಟು ಕೆಳಗಿಳಿಯುವ ಉದ್ದ ಕಾಲಿನದು. ಶಾರ್ಟ್ ಶಾಫ್ಟ್ ಇದ್ದ ದೋಣಿಯಲ್ಲಿ ಪ್ರತಿ ಅಲೆಗೂ ಫ್ಯಾನು ನೀರಿನಿಂದ ಮೇಲೆದ್ದು ಕಿರುಚುತ್ತಿತ್ತು. ಬೆಲೆಯ ವ್ಯತ್ಯಾಸ ಹೇಳಿಕೊಳ್ಳುವಷ್ಟಿಲ್ಲ.

ಈಗ ಲಂಗರು. ಇದರಲ್ಲಿ ನಾನು ಸ್ವಲ್ಪ ಹುಚ್ಚನಾದೆ ಅಂತ ಮನೆಯಲ್ಲಿ ಅಭಿಪ್ರಾಯ.

ದೋಣಿ ಕಟ್ಟುವವರು ಪುಕ್ಕಟೆ ಕೊಡುತ್ತಿದ್ದದ್ದು ನೇಗಿಲಿನ ಆಕಾರದ್ದು. ಆ ಆಕಾರ ಕಂಡುಹಿಡಿದವರು ದ್ರವಗಳ ಚಲನೆಯ ಮೇಲೆ ಕೆಲಸ ಮಾಡಿದ ಕೇಂಬ್ರಿಜ್‌ನ ದೊಡ್ಡ ವಿಜ್ಞಾನಿ ಜಿ. ಐ. ಟೇಲರ್. 1933ರಲ್ಲಿ, ತಮ್ಮದೇ ಹಾಯಿದೋಣಿಯಲ್ಲಿ ಸುತ್ತುತ್ತಿದ್ದ ಕಾಲದಲ್ಲಿ. ಅದರ ಹೆಸರು ಸಿಕ್ಯುಆರ್. ಬೇಗ ಬೇಗ ಹೇಳಿ ನೋಡಿ, ಇಂಗ್ಲಿಷಿನ ‘ಸೆಕ್ಯೂರ್’ ಕೇಳಿಸುತ್ತದೆ. ಎರಡನೆಯದು ಉಗುರಿನಂಥ ಬ್ರೂಸ್ ಮಾದರಿ, ತೈಲದ ರಿಗ್ಗುಗಳಿಗಾಗಿ ಹುಟ್ಟಿದ್ದು. ಮೂರನೆಯದು ಚೂಪು ಮೂತಿ, ಗುದ್ದಲಿಯಂತೆ ಒಳಬಾಗಿದ ಅಲಗು, ಬೆನ್ನ ಮೇಲೆ ಕಮಾನು ಇರುವ ಹೊಸ ಬಗೆ. ನ್ಯೂಜಿಲೆಂಡಿನ ಪೀಟರ್ ಸ್ಮಿತ್ ಮಾಡಿದ ರೊಕ್ನಾ ಈ ಜಾತಿಯದ್ದು. ಕಮಾನು ಇರುವುದರಿಂದ ಅದು ತಳದಲ್ಲಿ ತಲೆಕೆಳಗಾಗಿ ಮಲಗಲಾರದು, ಉರುಳಿ ಮೂತಿ ಕೆಳಗೆ ಮಾಡಿಕೊಳ್ಳುತ್ತದೆ.

ಮೂರನ್ನೂ ಗೆಳೆಯರಿಂದ ತಂದೆ. ಎಲ್ಲವೂ ಆರೇಳು ಕಿಲೋ. ಅದೇ ಸರಪಳಿ, ಅದೇ ಹಗ್ಗ, ಆಸ್ಬರ್ನ್ ಕೊಲ್ಲಿ. ದಡದ ಒಂದು ಮರವನ್ನೂ ಹಿಂದಿನ ಮನೆಯ ಚಿಮಣಿಯನ್ನೂ ಒಂದೇ ಗೆರೆಯಲ್ಲಿ ಹಿಡಿದು, ಮೋಟಾರನ್ನು ಹಿಂದಕ್ಕೆ ಪೂರ್ತಿ ಕೊಡುವುದು. ಗೆರೆ ಒಡೆದರೆ ಲಂಗರು ಜಾರಿದಂತೆ. ನನ್ನ ಹತ್ತಿರ ಇದ್ದ ನೇಗಿಲು ಯಾರೋ ಮಾಡಿದ ಅಗ್ಗದ ನಕಲು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ಸಲದಲ್ಲಿ ಎರಡು ಸಲ ಹಿಡಿಯಿತು. ಉಳಿದ ಮೂರು ಸಲ ತನ್ನ ಹೆಸರಿಗೆ ತಕ್ಕಂತೆ ಸಮುದ್ರದ ತಳ ಉತ್ತಿತು. ಉಗುರು ಐದು ಸಲವೂ ತಕ್ಷಣ ಹಿಡಿಯಿತು, ಆದರೆ ಎಳೆತ ಜಾಸ್ತಿಯಾದಂತೆ ಮೆಲ್ಲಗೆ ತೆವಳಿತು. ಒಮ್ಮೆ ಬೊಗಸೆಯಲ್ಲಿ ಕಲ್ಲು ಹಿಡಿದುಕೊಂಡು ಬಂತು. ಗುದ್ದಲಿ ಒಂದೆರಡು ಮೀಟರಿನಲ್ಲಿ ಗಕ್ಕನೆ ನಿಂತು ದೋಣಿಯ ಮೂತಿಯನ್ನೇ ತಿರುಗಿಸಿತು. ಎತ್ತುವಾಗ ಒಂದು ಬಕೆಟ್ ಕೆಸರು ಜೊತೆಗೆ. ಅದನ್ನು ತೊಳೆಯುವುದೇ ಒಂದು ಕೆಲಸ, ಕಮಾನಿನಿಂದಾಗಿ ದೋಣಿಯ ಮೂತಿಯಲ್ಲಿರುವ ಉರುಳೆಯ ಮೇಲೆ ಸರಿಯಾಗಿ ಕೂರುವುದಿಲ್ಲ ಅನ್ನುವುದು ಇನ್ನೊಂದು ಗೋಳು. ಆದರೂ ಅದೇ. ಪುಕ್ಕಟೆಯದನ್ನು ಬೇಡ ಅಂದೆವು.

ಸರಪಳಿಯಲ್ಲಿ 8 ಮಿಲಿಮೀಟರಿನದು ಬಲ ಅಂತ ಅಂಗಡಿಯವರು ಹೇಳುತ್ತಾರೆ. ಒಂದು ಮೀಟರಿಗೆ ಸುಮಾರು 1.4 ಕಿಲೋ, ಮೂವತ್ತು ಮೀಟರಿಗೆ ನಲವತ್ತು ಕಿಲೋ ದಾಟುತ್ತದೆ. ಅಷ್ಟನ್ನು ಸಣ್ಣ ದೋಣಿಯ ಮೂತಿಯಲ್ಲಿ ತುಂಬಿದರೆ ಅದು ಮೂಗು ಕೆಳಗೆ ಮಾಡಿ ಹಂದಿಯ ಹಾಗೆ ಓಡುತ್ತದೆ. 6 ಮಿಲಿಮೀಟರಿನದು ಹತ್ತು ಮೀಟರ್, ಹಿಂದೆ ಮೂವತ್ತು ಮೀಟರ್ ನೈಲಾನ್ ಹಗ್ಗ. ನಮಗೆ ಇಷ್ಟು ಸಾಕು.

ಆದರೆ ಒಳ್ಳೆಯ ಲಂಗರಿದ್ದೂ ನಾವು ಒಂದು ರಾತ್ರಿ ಜಾರಿದೆವು. ತಪ್ಪು ಪೂರ್ತಿ ನನ್ನದು. ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಸೇರಿಸಿ, ಅದರ ಐದು ಪಟ್ಟು ಸರಪಳಿ ಹಗ್ಗ ಬಿಡುವುದು ನಮ್ಮ ಲೆಕ್ಕ. ಇಳಿತದಲ್ಲಿ ಎರಡು ಮೀಟರ್ ನೀರು, ಮೂತಿಯ ಎತ್ತರ ಒಂದು ಮೀಟರ್. ಮೂರರ ಐದು ಪಟ್ಟು ಅಂತ ಹದಿನೈದು ಮೀಟರ್ ಬಿಟ್ಟು ಮಲಗಿದೆ. ಉಬ್ಬರಕ್ಕೆ ಇನ್ನೂ ಮೂರು ಮೀಟರ್ ಏರುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ಆರರ ಐದು ಪಟ್ಟು ಮೂವತ್ತು ಬೇಕಿತ್ತು. ರಾತ್ರಿ ಎರಡಕ್ಕೆ ಪಕ್ಕದ ದೋಣಿಯವರು ಟಾರ್ಚ್ ಬಿಟ್ಟು ಎಬ್ಬಿಸಿದರು. ಪಾಪ, ಪೈಜಾಮದಲ್ಲೇ ನಿಂತಿದ್ದರು.

ಒಲೆಯಲ್ಲಿ ಜಗಳವೇ ಆಗಲಿಲ್ಲ. ಗ್ಯಾಸ್ ಒಲೆಗೆ ಉರಿ ಜೋರು, ಕುಕ್ಕರ್ ಬೇಗ ಕೂಗುತ್ತದೆ. ಆದರೆ ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲು ತೆರೆದರೆ ಹೊರಗೆ ಹರಿದು ಹೋಗುತ್ತದೆ. ದೋಣಿ ಅಂದರೆ ಒಂದು ಬೋಗುಣಿ, ಅದು ತಳದಲ್ಲಿ ತುಂಬಿ ಕಿಡಿಗೆ ಕಾಯುತ್ತದೆ. ಮದ್ಯಸಾರ ಉರಿಸುವ ಸ್ಪಿರಿಟ್ ಒಲೆಯಲ್ಲಿ ಆ ಭಯವಿಲ್ಲ, ಆದರೆ ಕಾಫಿಗೆ ನೀರು ಕಾಯಲು ಹತ್ತು ನಿಮಿಷ. ಹಗಲಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಆರಿದೆ ಅಂತ ತಿಳಿದು ಸುರಿಯಲು ಹೋಗಬಾರದು. ನಾವು ಸ್ಪಿರಿಟ್ ತಗೊಂಡೆವು. ಅನ್ನಕ್ಕೆ ಅಕ್ಕಿ ನೆನೆಸಿಟ್ಟರಾಯಿತು. ಯಾವ ಒಲೆಯಾದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಾತ್ರ ಬಿಡಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಮುಂದಿನ ಹಾಯಿಗೆ ಸುರುಳಿ ಸುತ್ತುವ ಫರ್ಲರ್ ತಗೊಂಡೆವು. ಅರ್ಧ ಸುತ್ತಿದಾಗ ಹಾಯಿ ಜೋಳಿಗೆಯಂತೆ ಉಬ್ಬುತ್ತದೆ ನಿಜ, ಆದರೆ ಕುಣಿಯುವ ಮೂತಿಗೆ ಹೋಗಿ ಕೊಕ್ಕೆ ಬಿಚ್ಚುವ ಗೋಜಿಲ್ಲ. ಲಿಥಿಯಂ ಬ್ಯಾಟರಿ ಹಗುರ, ಬಹುಪಾಲು ಖಾಲಿಯಾಗುವ ತನಕ ಬಳಸಬಹುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಆದರೆ ನಮ್ಮ ಖರ್ಚು ಎರಡು ದೀಪ, ಒಂದು ರೇಡಿಯೋ, ಫೋನು. ಸೀಸವೇ ಸಾಕು ಅಂತ 50 ವ್ಯಾಟಿನ ಸೋಲಾರ್ ಹಾಕಿಸಿದೆವು. ರೇಡಿಯೋ ಮಾತ್ರ ಕೈಯಲ್ಲಿ ಹಿಡಿಯುವುದಲ್ಲ, ಗೋಡೆಗೆ ಕೂರಿಸುವ 25 ವ್ಯಾಟಿನದು, ಆಂಟೆನಾ ಕಂಬದ ತುದಿಗೆ. ದೋಣಿಗಳ ಈ ವಿಎಚ್‌ಎಫ್ ರೇಡಿಯೋದ ಅಲೆ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು, ಹಾಗಾಗಿ ವ್ಯಾಟಿಗಿಂತ ಎತ್ತರ ಮುಖ್ಯ. ಕಡಲಿನ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ದೊಡ್ಡ ಚಾರ್ಟ್ ಪ್ಲಾಟರ್ ಬಿಟ್ಟು ಟ್ಯಾಬ್ಲೆಟ್ ಇಟ್ಟೆವು. ಬಿಸಿಲಲ್ಲಿ ಅದರ ಪರದೆ ಕಾಣುವುದಿಲ್ಲ, ಒದ್ದೆ ಬೆರಳಿಗೆ ಕೇಳುವುದೂ ಇಲ್ಲ. ಇದೊಂದರಲ್ಲಿ ಜಿಪುಣತನ ಮಾಡಬಾರದಿತ್ತು. ಟಾಯ್ಲೆಟ್ ಬಗ್ಗೆ ಒಂದೇ ಸಾಲು: ಎತ್ತಿಕೊಂಡು ಹೋಗಿ ಸುರಿಯುವ ಡಬ್ಬಿಯದು, ಯಾಕೆಂದರೆ ದೋಣಿಯ ಹೊಟ್ಟೆಗೆ ಇನ್ನೆರಡು ತೂತು ಬೇಡ.

ಕೊನೆಯದು ಏಣಿ. ಪಟ್ಟಿಯ ನಾಲ್ಕನೇ ಪುಟದ ಕೆಳಗೆ ‘ಸ್ನಾನದ ಏಣಿ’ ಅಂತ ಬರೆದಿತ್ತು, ಈಜುವವರ ಶೋಕಿ ಅನ್ನುವ ಹಾಗೆ. ಚೀಲದಲ್ಲಿಡುವ ಹಗ್ಗದ ಏಣಿ ಅದರ ಕಾಲುಭಾಗದ ಬೆಲೆಗೆ ಸಿಗುತ್ತದೆ. ಆಗಸ್ಟ್‌ನಲ್ಲಿ ಒಂದು ದಿನ, ದೋಣಿ ಲಂಗರಿನಲ್ಲಿ ನಿಂತಿದ್ದಾಗ, ಬಟ್ಟೆ ಬೂಟು ಲೈಫ್ ಜಾಕೆಟ್ ಸಮೇತ ನೀರಿಗಿಳಿದು ನೋಡಿದೆವು. ಹಗ್ಗದ ಏಣಿಗೆ ಕಾಲಿಟ್ಟ ಕೂಡಲೇ ಕಾಲು ದೋಣಿಯ ಅಡಿಗೆ ಜಾರುತ್ತದೆ, ಬೆನ್ನು ನೀರಿಗೆ ಬೀಳುತ್ತದೆ. ನಾನು ಮೂರನೇ ಪ್ರಯತ್ನಕ್ಕೆ ಹತ್ತಿದೆ. ಹೆಂಡತಿಗೆ ಆಗಲೇ ಇಲ್ಲ. ನಗುತ್ತಾ ಶುರು ಮಾಡಿದವಳು ಐದು ನಿಮಿಷಕ್ಕೆ ನಗು ನಿಲ್ಲಿಸಿದಳು, ತುಟಿ ನೀಲಿಯಾಗಿತ್ತು. ಅವಳ ಸೊಂಟಕ್ಕೆ ಹಗ್ಗ ಹಾಕಿ ಎಳೆದುಕೊಂಡೆ. ಪಕ್ಕದ ದೋಣಿಯಲ್ಲಿ ಹಿಂಬದಿಗೆ ಬಿಗಿದ ಸ್ಟೀಲ್ ಏಣಿ ಇತ್ತು, ನೀರಿನಲ್ಲಿದ್ದವರೇ ಕೈ ಚಾಚಿ ಬಿಡಿಸಿಕೊಳ್ಳಬಹುದಾದದ್ದು, ಮೂರು ಮೆಟ್ಟಿಲು ನೀರಿನೊಳಗೆ. ಮೈ ಬಿಸಿಯಾದ ಮೇಲೆ ಅವರನ್ನು ಕೇಳಿಕೊಂಡು ಅದನ್ನೂ ಹತ್ತಿ ನೋಡಿದಳು. ಮನೆ ಜಗಲಿ ಹತ್ತಿದಷ್ಟು ಸಲೀಸು.

ಆ ಸಂಜೆಯೇ ನಾಲ್ಕನೇ ಪುಟ ತೆಗೆದು ಅವಳೇ ಗುರುತು ಹಾಕಿದಳು. ಕಪ್ಪು ಹಗ್ಗದ ಮೇಲೆ ನನಗೆ ಆಸೆ ಇತ್ತು. ಅದನ್ನು ಹೊಡೆದುಹಾಕಿದಳು.