ಒಂದೇ ಕಾರು, ನಾಲ್ಕು ಸೆಟ್ ಟೈರು: ಟ್ರ್ಯಾಕ್‌ಗೆ ಯಾವುದು, ಎಷ್ಟು ಅಗಲ?

ನನ್ನದು ಮೊದಲ ತಲೆಮಾರಿನ ಟೊಯೋಟಾ 86 ಸ್ಪೋರ್ಟ್ಸ್ ಕಾರು. 2 ಲೀಟರ್ ಎಂಜಿನ್, 200 ಎಚ್‌ಪಿ, ಹಿಂದಿನ ಚಕ್ರಗಳು ಎಳೆಯುವ ಗಾಡಿ, ತೂಕ 1,250 ಕೆಜಿ ಆಸುಪಾಸು. 2012ರಲ್ಲಿ ಈ ಕಾರು ಬಂದಾಗ ಕಂಪನಿಯೇ ಹಾಕಿಕೊಟ್ಟಿದ್ದು 215/45 ಆರ್17 ಅಳತೆಯ ಮಿಶೆಲಿನ್ ಪ್ರೈಮಸಿ ಎಚ್‌ಪಿ. (215 ಅಂದರೆ ಟೈರಿನ ಅಗಲ ಮಿಮೀನಲ್ಲಿ; 45 ಅಂದರೆ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಎಷ್ಟು ಅಂತ; 17 ಅಂದರೆ ವೀಲ್ ಎಷ್ಟು ಇಂಚು ಅಂತ.) ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ಗೂ ಇದೇ ಟೈರು ಬರುತ್ತಿತ್ತು. ಕಡಿಮೆ ವೇಗದಲ್ಲೇ ಕಾರು ಜಾರಲಿ, ಓಡಿಸುವವರಿಗೆ ಮಜಾ ಸಿಗಲಿ ಅಂತ ಬೇಕೆಂದೇ ಮಾಡಿದ ಆಯ್ಕೆ ಅದು. ರಸ್ತೆಗೆ ಚೆನ್ನಾಗಿದೆ. ರೇಸ್ ಟ್ರ್ಯಾಕ್‌ಗೆ ಬೇರೆ ಬೇಕು ಅನ್ನಿಸಿದ್ದು ಅಲ್ಲಿಗೆ ಹೋದ ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ.

ಆಮೇಲೆ ಇದೇ ಕಾರಿನಲ್ಲಿ, ಇದೇ ಟ್ರ್ಯಾಕ್‌ನಲ್ಲಿ ನಾಲ್ಕು ಸೆಟ್ ಓಡಿಸಿದ್ದೇನೆ. 215/45 ಆರ್17ರಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4. 225/45 ಆರ್17ರಲ್ಲಿ ಹ್ಯಾಂಕೂಕ್ ಆರ್‌ಎಸ್4. ಅದೇ 225ರಲ್ಲಿ ಬ್ರಿಜ್‌ಸ್ಟೋನ್ ಆರ್‌ಇ-71ಆರ್. ಕೊನೆಗೆ 245/40 ಆರ್17ರಲ್ಲಿ ಮತ್ತೆ ಆರ್‌ಎಸ್4. ಕೊನೆಯದನ್ನು ಬೇಕಂತಲೇ ಹಾಗೆ ತಗೊಂಡೆ. ಟೈರು ಅದೇ, ಅಗಲ ಮಾತ್ರ ಬೇರೆ. ಇಲ್ಲದಿದ್ದರೆ ಲಾಭ ಬಂದಿದ್ದು ಅಗಲದಿಂದಲೋ ರಬ್ಬರಿನಿಂದಲೋ ಗೊತ್ತಾಗುವುದಿಲ್ಲ ಅಲ್ವಾ?

ಎಲ್ಲಾ ಸೆಟ್‌ಗಳಲ್ಲೂ ಟೈರು ಹಾಕಿಕೊಂಡೇ ಮನೆಯಿಂದ ಹೋಗಿ, ಅದರಲ್ಲೇ ವಾಪಸ್ ಬಂದೆ. ಹಾಗಾಗಿ ರಸ್ತೆಗೆ ಆಗದ ರೇಸ್ ಟೈರುಗಳ ಮಾತು ಇಲ್ಲಿಲ್ಲ.

ಟೈರುಗಳ ಬಗ್ಗೆ ಹೇಳುವ ಮೊದಲು ಇಂಥ ಟೈರುಗಳ ಮೇಲೆ ಕಾಣುವ 200 ಅನ್ನುವ ಸಂಖ್ಯೆಯ ವಿಷಯ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ನಿಯಮದಿಂದ ಬಂದಿದ್ದು. 100 ಅಂಕದ ಮಾದರಿ ಟೈರಿನ ಜೊತೆ ರಸ್ತೆಯಲ್ಲಿ ಓಡಿಸಿ, ಎಷ್ಟು ಸವೆಯಿತು ಅಂತ ಹೋಲಿಸುತ್ತಾರೆ. 200 ಅಂದರೆ ಅದರ ಎರಡು ಪಟ್ಟು ಬಾಳಿಕೆ ಅಂತ ಲೆಕ್ಕ. ಆದರೆ ಅಂಕ ಕೊಡುವುದು ಟೈರು ಮಾಡುವ ಕಂಪನಿಯೇ. ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಲು ಬರುವುದಿಲ್ಲ. ಆರ್‌ಎಸ್4, ಆರ್‌ಇ-71ಆರ್ ಎರಡರ ಮೇಲೂ 200 ಅಂತಲೇ ಇದೆ. ಓಡಿಸಿ ನೋಡಿದರೆ ಎರಡೂ ಬೇರೆ ಬೇರೆ ಜಾತಿಯ ಟೈರುಗಳು.

ಪೈಲಟ್ ಸ್ಪೋರ್ಟ್ 4ರಿಂದ ಶುರು ಮಾಡುತ್ತೇನೆ. ಕಂಪನಿಯ 7 ಇಂಚಿನ ವೀಲ್, ಕಂಪನಿಯದೇ ಅಳತೆ. ಏನೂ ಬದಲಾಯಿಸಬೇಕಿಲ್ಲ. ಈ ಟೈರು ಓಡಿಸುವವರ ಜೊತೆ ಮಾತಾಡುತ್ತದೆ. ಹಿಡಿತ ಬಿಡುವ ಮೊದಲೇ ಸಣ್ಣಗೆ ಕೂಗಲು ಶುರು ಮಾಡುತ್ತದೆ, ಸ್ಟೇರಿಂಗ್ ಹಗುರ ಆಗುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ. ತಪ್ಪು ಮಾಡಿದರೆ ಸರಿ ಮಾಡಿಕೊಳ್ಳಲು ಸಮಯ ಇರುತ್ತದೆ. ಮೂರು ಲ್ಯಾಪ್ ತುಂಬಾ ಚೆನ್ನಾಗಿ ಹೋಗುತ್ತದೆ. ನಾಲ್ಕನೆಯದರಿಂದ ಬ್ರೇಕ್ ಹಾಕುವ ಜಾಗ ಹಿಂದಕ್ಕೆ ಬರುತ್ತಾ ಹೋಗುತ್ತದೆ. ಹೊಸ ರಸ್ತೆ ಟೈರಿನ ಬಟನ್ ಆಳವಾಗಿರುತ್ತದೆ. ತಿರುವಿನಲ್ಲಿ ಒತ್ತಡ ಬಿದ್ದಾಗ ಆ ಉದ್ದದ ರಬ್ಬರ್ ತುಂಡುಗಳು ಆಚೀಚೆ ಓಲಾಡುತ್ತವೆ, ಓಲಾಡಿ ಬಿಸಿಯಾಗುತ್ತವೆ. ಅದಕ್ಕೇ ಅರ್ಧ ಸವೆದ ಪೈಲಟ್ ಸ್ಪೋರ್ಟ್ ಹೊಸದಕ್ಕಿಂತ ಟ್ರ್ಯಾಕ್‌ನಲ್ಲಿ ಜಾಸ್ತಿ ಹೊತ್ತು ತಾಳಿತು.

ಇಲ್ಲಿ ನನಗೆ ಒಂದು ದೊಡ್ಡ ಪಾಠ ಸಿಕ್ಕಿತು. ಹೊರಡುವ ಮೊದಲು ನಾಲ್ಕೂ ಟೈರಿನ ಹೊರ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಬಟನ್ ಮುಗಿದು ಸೈಡ್‌ವಾಲ್ ಶುರುವಾಗುವ ಜಾಗದಲ್ಲಿ, ಎರಡು ಇಂಚು ಉದ್ದ. ಕೆಲವು ಲ್ಯಾಪ್ ಆದ ಮೇಲೆ ಬಂದು ನೋಡಿದರೆ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಡಚಿ ನೆಲ ಮುಟ್ಟಿದೆ ಅಂತ ಅರ್ಥ. ತುಂಬಾ ಟೈರುಗಳಲ್ಲಿ ಅಂಚಿಗೆ ಒಂದು ಪುಟ್ಟ ತ್ರಿಕೋನದ ಗುರುತು ಇರುತ್ತದೆ. ಗೆರೆ ಅದರ ಹತ್ತಿರ ನಿಂತರೆ ಸರಿ. ನನ್ನ ಎಡ ಮುಂದಿನ ಟೈರಿನಲ್ಲಿ ಗೆರೆಯೇ ಇರಲಿಲ್ಲ. ತ್ರಿಕೋನ ಅರ್ಧ ತಿಕ್ಕಿಹೋಗಿತ್ತು. ಅಂಗೈ ಇಟ್ಟು ನೋಡಿದೆ. ಒಳಭಾಗ ಬೆಚ್ಚಗಿತ್ತು, ನಡುವೆ ಬಿಸಿ, ಹೊರ ಅಂಚಿನಲ್ಲಿ ಕೈ ಇಡಲು ಆಗಲಿಲ್ಲ. ರಬ್ಬರ್ ಸಣ್ಣ ಸಣ್ಣ ಅಲೆಗಳಾಗಿ ಎದ್ದು ಅಂಟಂಟಾಗಿತ್ತು.

ಅದು ಟೈರಿನ ತಪ್ಪಲ್ಲ. ಈ ಕಾರಿನ ಮುಂದಿನ ಚಕ್ರಗಳಿಗೆ ಕಂಪನಿ ಕೊಡುವ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಹೆಚ್ಚುಕಮ್ಮಿ ಸೊನ್ನೆ. ತಿರುವಿನಲ್ಲಿ ಕಾರು ವಾಲಿದಾಗ ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಆ ಕೋನ ಬದಲಾಯಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಹಾಕಿಸಿ ಮುಂದೆ ಮೈನಸ್ 2.5 ಡಿಗ್ರಿ, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಹಾಗೆ, ಮಾಡಿಸಿದೆ. ಟೈರು ಬದಲಾಯಿಸದೆ, ಬರೀ ಇಷ್ಟರಿಂದಲೇ ಮುಂದಿನ ಹಿಡಿತ ಎಷ್ಟು ಹೆಚ್ಚಾಯಿತು ಅಂದರೆ, ಅಗಲ ಟೈರು ಬೇಕು ಅಂತ ನಾನು ಹೇಳುತ್ತಿದ್ದ ಕಾರಣದಲ್ಲಿ ಅರ್ಧ ಅಲ್ಲೇ ಮುಗಿಯಿತು. ಮುಂದಿನ ಮೂರೂ ಸೆಟ್ ಓಡಿಸಿದ್ದು ಇದೇ ಅಲೈನ್‌ಮೆಂಟ್‌ನಲ್ಲಿ.

ಗಾಳಿಯದೂ ಇದೇ ಕಥೆ. ಟೈರಿನ ಒಳಗಿನ ಗಾಳಿ 5-6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 28ಕ್ಕೆ ಇಟ್ಟು ಹೊರಟರೆ ಐದಾರು ಲ್ಯಾಪ್‌ನಲ್ಲಿ 35 ದಾಟುತ್ತದೆ. ಹಾಗಾಗಿ ತಣ್ಣಗಿರುವಾಗ ಎಷ್ಟಿತ್ತು ಅನ್ನುವುದಕ್ಕಿಂತ ಬಿಸಿಯಲ್ಲಿ ಎಷ್ಟಾಯಿತು ಅನ್ನುವುದು ಮುಖ್ಯ. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮೊದಲೇ ಗೇಜ್ ಹಿಡಿಯಿರಿ. ನಮ್ಮ ಟ್ರ್ಯಾಕ್‌ನಲ್ಲಿ ಬಲ ತಿರುವುಗಳೇ ಜಾಸ್ತಿ, ಎಡಗಡೆಯ ಟೈರುಗಳು ದುಡಿಯುತ್ತವೆ. ಅವು ಬಲಗಡೆಯವಕ್ಕಿಂತ 2 ಪಿಎಸ್‌ಐ ಮೇಲಿರುತ್ತವೆ, ಅದಕ್ಕೆ ಬೆಳಿಗ್ಗೆಯೇ ಅವುಗಳಲ್ಲಿ ಅಷ್ಟು ಕಡಿಮೆ ಇಡುತ್ತೇನೆ. ಪೈಲಟ್ ಸ್ಪೋರ್ಟ್‌ಗೆ ಬಿಸಿಯಲ್ಲಿ 36-37 ಹಿಡಿಸಿತು, ಆರ್‌ಎಸ್4ಗೆ 34-35, ಆರ್‌ಇ-71ಆರ್‌ಗೆ 33-34. ನಿಮ್ಮ ಕಾರಿಗೆ ಬೇರೆ ಬರಬಹುದು, ಸೀಮೆಸುಣ್ಣ ಹೇಳುತ್ತದೆ. ಮನೆಗೆ ಹೊರಡುವ ಮುಂಚೆ, ಟೈರು ಪೂರ್ತಿ ತಣ್ಣಗಾದ ಮೇಲೆ, ರಸ್ತೆಗೆ ಬೇಕಾದಷ್ಟು ಗಾಳಿ ತುಂಬಿಸುವುದನ್ನು ಮಾತ್ರ ಮರೆಯಬೇಡಿ.

ಎರಡನೆಯದು, 225ರ ಆರ್‌ಎಸ್4, 8 ಇಂಚಿನ ವೀಲ್ ಮೇಲೆ. ಮೊದಲ ಲ್ಯಾಪ್‌ನಲ್ಲಿ ಅಷ್ಟೇನೂ ಅನ್ನಿಸುವುದಿಲ್ಲ. ಬಿಸಿಯಾಗಲು ಒಂದೂವರೆ ಎರಡು ಲ್ಯಾಪ್ ಕೇಳುತ್ತದೆ. ಆಮೇಲೆ ಹಾಗೇ ನಿಂತುಬಿಡುತ್ತದೆ. ಐದನೇ ಲ್ಯಾಪ್, ಹತ್ತನೇ ಲ್ಯಾಪ್, ಬ್ರೇಕ್ ಹಾಕುವ ಜಾಗ ಅದೇ. ಒಂದು ಲ್ಯಾಪ್‌ಗೆ ನಾನು ತಗೊಳ್ಳುವ ಹೊತ್ತು ಪೈಲಟ್ ಸ್ಪೋರ್ಟ್‌ಗಿಂತ ಎರಡು ಸೆಕೆಂಡಿಗೆ ಹತ್ತಿರ ಇಳಿಯಿತು. ಅದಕ್ಕಿಂತ ಮುಖ್ಯ ಅಂದರೆ ಇಪ್ಪತ್ತು ನಿಮಿಷದ ಇಡೀ ಸೆಷನ್ ಓಡಿಸುವುದಕ್ಕೆ ಆಯಿತು. ಟ್ರ್ಯಾಕ್‌ಗೆ ಹೋಗುವುದು ಕಲಿಯೋದಕ್ಕೆ ಅಲ್ವಾ? ಪ್ರತಿ ಲ್ಯಾಪ್‌ನಲ್ಲೂ ಟೈರು ಬದಲಾಗುತ್ತಿದ್ದರೆ ನಾನು ಸುಧಾರಿಸಿದೆನೋ ಟೈರು ಕೆಟ್ಟಿತೋ ಹೇಗೆ ಗೊತ್ತಾಗಬೇಕು? ಈ ಟೈರಿನಲ್ಲೇ ನನ್ನ ಬ್ರೇಕ್ ಹಾಕುವ ಕ್ರಮ ತಿದ್ದಿಕೊಂಡೆ. ಹೊಗಳಲು ಇನ್ನೂ ಇದೆ: ದಿನ ಮುಗಿದಾಗ ಮೇಲ್ಮೈ ಸಣ್ಣ ಸಾಣೆ ಕಾಗದದ ಹಾಗೆ, ಒಂದೇ ಸಮನಾಗಿ ಇರುತ್ತದೆ. ಸವೆತವೂ ಒಂದೇ ಸಮ.

ರಸ್ತೆಯಲ್ಲಿ ಸ್ವಲ್ಪ ಗಡಸು, ಸದ್ದೂ ಜಾಸ್ತಿ. ನನಗೆ ತೊಂದರೆ ಅನ್ನಿಸಲಿಲ್ಲ.

ಮೂರನೆಯದು ಆರ್‌ಇ-71ಆರ್. ಈಗ ಇದರ ಜಾಗಕ್ಕೆ ಆರ್‌ಇ-71ಆರ್‌ಎಸ್ ಬಂದಿದೆ. ಪಿಟ್‌ನಿಂದ ಹೊರಟು ಮೊದಲ ದೊಡ್ಡ ತಿರುವಿಗೇ ಹಿಡಿತ ಸಿದ್ಧ. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೇ ಕಾರಿನ ಮೂತಿ ತಿರುಗುತ್ತದೆ, ನಡುವೆ ಕಾಯುವ ಮಾತೇ ಇಲ್ಲ. ನನ್ನ ಅತಿ ವೇಗದ ಲ್ಯಾಪ್ ಇವತ್ತಿಗೂ ಇದರಲ್ಲೇ ಇದೆ, ಅದೂ ಸೆಷನ್‌ನ ಎರಡನೇ ಲ್ಯಾಪ್. ಇದು ಇರುವುದೇ ಅದಕ್ಕೆ. ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ನಿಲ್ಲಿಸುವ ಆಟೋಕ್ರಾಸ್‌ಗೆ ಹೇಳಿ ಮಾಡಿಸಿದ ಟೈರು. ಒಂದೇ ಸಮನೆ ಹತ್ತು ಲ್ಯಾಪ್ ಬಡಿದರೆ ಮಾತ್ರ ಐದಾರರ ಹೊತ್ತಿಗೆ ಮೆದುವಾಗಿ ತೇಲಲು ಶುರು ಮಾಡುತ್ತದೆ. ಆಗ ಒಂದು ಲ್ಯಾಪ್ ನಿಧಾನವಾಗಿ ಸುತ್ತಿ ತಣ್ಣಗೆ ಮಾಡಿದರೆ ವಾಪಸ್ ಬರುತ್ತದೆ. ಹಿಡಿತ ಬಿಡುವಾಗ ಪೈಲಟ್ ಸ್ಪೋರ್ಟ್‌ನಷ್ಟು ಮುನ್ಸೂಚನೆ ಕೊಡುವುದಿಲ್ಲ. ಸವೆತವೂ ಆರ್‌ಎಸ್4ಗಿಂತ ಬೇಗ. ಅಷ್ಟು ಹಿಡಿತ ಬೇಕು ಅಂದರೆ ರಬ್ಬರ್ ಕೊಡಲೇಬೇಕು.

ಈಗ 245. ಇದಕ್ಕೆ ತುಂಬಾ ಆಸೆ ಪಟ್ಟಿದ್ದೆ. ಮೊದಲು ಅಳತೆಯ ಲೆಕ್ಕ. 215/45 ಆರ್17ರ ಒಟ್ಟು ಎತ್ತರ ಸುಮಾರು 625 ಮಿಮೀ. 225/45 ಆದರೆ 634. ಚಕ್ರ ದೊಡ್ಡದಾದಷ್ಟೂ ಗೇರ್ ಉದ್ದವಾದ ಹಾಗೆ, ಕಡಿಮೆ ಟಾರ್ಕ್‌ನ ಈ ಕಾರಿಗೆ ಅದು ಚೂರು ನಷ್ಟ. 245/40 ಆದರೆ 628, ಕಂಪನಿಯ ಅಳತೆಗೆ ತುಂಬಾ ಹತ್ತಿರ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ 245ಕ್ಕೆ ಕಡಿಮೆ ಅಂದರೂ 8 ಇಂಚಿನ ವೀಲ್ ಬೇಕು, 9 ಇದ್ದರೆ ಸರಿಯಾಗಿ ಕೂರುತ್ತದೆ. ಸಣ್ಣ ವೀಲ್‌ಗೆ ತುರುಕಿದರೆ ಸೈಡ್‌ವಾಲ್ ಉಬ್ಬಿ, ಸ್ಟೇರಿಂಗ್ ತಡವಾಗಿ ಉತ್ತರ ಕೊಡುತ್ತದೆ.

ನಾನು 9 ಇಂಚು, ಆಫ್‌ಸೆಟ್ 45ರ ವೀಲ್ ತಗೊಂಡೆ. ಆಫ್‌ಸೆಟ್ ಅಂದರೆ ವೀಲ್‌ನ ನಡು ರೇಖೆಯಿಂದ ಅದು ಕಾರಿಗೆ ಕೂರುವ ಜಾಗಕ್ಕೆ ಎಷ್ಟು ಮಿಮೀ ಅಂತ. ಕಂಪನಿಯದು 7 ಇಂಚು, 48. ಇದನ್ನು ಕೊಳ್ಳುವ ಮೊದಲು ಕೂತು ಲೆಕ್ಕ ಹಾಕಿ. ಎರಡು ಇಂಚು ಹೆಚ್ಚಾದರೆ ಒಳಗೂ ಹೊರಗೂ 25.4 ಮಿಮೀ ಸೇರುತ್ತದೆ. ಆಫ್‌ಸೆಟ್ 3 ಕಡಿಮೆ ಇರುವುದರಿಂದ ಇಡೀ ವೀಲ್ 3 ಮಿಮೀ ಹೊರಕ್ಕೆ ಸರಿಯುತ್ತದೆ. ಅಂದರೆ ಒಳಗೆ ಸ್ಟ್ರಟ್ (ಸಸ್ಪೆನ್ಷನ್ ಕಂಬ) ಕಡೆಗೆ 22 ಮಿಮೀ, ಹೊರಗೆ ಫೆಂಡರ್ (ಚಕ್ರದ ಮೇಲಿನ ತಗಡು) ಕಡೆಗೆ 28 ಮಿಮೀ. ಟೈರಿನ ಉಬ್ಬು ಬೇರೆ. ನನ್ನದು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತಿತ್ತು. ಬಿಸಿಗಾಳಿಯಲ್ಲಿ ಅದನ್ನು ಮೆದು ಮಾಡಿ ಹಿಂದಕ್ಕೆ ಒತ್ತಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು? 225ರ ಆರ್‌ಎಸ್4ಗಿಂತ ಅರ್ಧ ಸೆಕೆಂಡಿಗೂ ಕಡಿಮೆ. ಉದ್ದನೆಯ ತಿರುವುಗಳಲ್ಲಿ ನಿಜಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿ ಹೆಚ್ಚು ರಬ್ಬರಿನ ಮೇಲೆ ಹಂಚಿಹೋಗುವುದರಿಂದ ಸೆಷನ್ ಕೊನೆಯವರೆಗೂ ತಾಳುತ್ತದೆ. ಆದರೆ ನೇರ ದಾರಿಯ ಕೊನೆಯಲ್ಲಿ ವೇಗ ಚೂರು ಕಡಿಮೆ ಬಂತು. ವೀಲ್, ಟೈರು ಎರಡೂ ಭಾರ. ಬಿಸಿಯಾಗಲು ಎರಡು ಲ್ಯಾಪ್ ತಗೊಳ್ಳುತ್ತಿದ್ದದ್ದು ಈಗ ಮೂರು. ಹಗುರ ಕಾರಿಗೆ ಅಷ್ಟು ರಬ್ಬರನ್ನು ಬಿಸಿ ಮಾಡುವ ಶಕ್ತಿ ಇಲ್ಲ. ಟೈರು ಅಗಲ ಆದ ಮಾತ್ರಕ್ಕೆ ನೆಲಕ್ಕೆ ತಾಗುವ ಜಾಗ ಅದೇ ಲೆಕ್ಕದಲ್ಲಿ ಹೆಚ್ಚುವುದೂ ಇಲ್ಲ. ತೂಕ, ಗಾಳಿ ಅಷ್ಟೇ ಇದ್ದರೆ ಆ ಜಾಗದ ಆಕಾರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಗಲ ಜಾಸ್ತಿ. ನನಗೆ ಬೇಜಾರಾದದ್ದು ಇನ್ನೊಂದಕ್ಕೆ. ಸ್ಟೇರಿಂಗ್‌ನಲ್ಲಿ ಬೆರಳಿಗೆ ಸಿಗುತ್ತಿದ್ದ ಆ ಸಣ್ಣ ಕಂಪನ ಮಂಕಾಯಿತು. ಈ ಕಾರನ್ನು ನಾನು ಪ್ರೀತಿಸುವುದೇ ಅದಕ್ಕೆ.

300 ಎಚ್‌ಪಿ ದಾಟಿದ ಕಾರಾದರೆ, ಇಲ್ಲಾ ತೂಕ 1,500 ಕೆಜಿ ಇದ್ದರೆ, ನನ್ನ ಮಾತು ಬೇರೆಯೇ ಆಗುತ್ತಿತ್ತು. ಅಲ್ಲಿ 225 ಬೆಂದುಹೋಗುತ್ತದೆ, 245 ಬೇಕೇ ಬೇಕು.

ಮಳೆಯ ಬಗ್ಗೆ ಹೇಳದೆ ಬಿಡಲಾರೆ. ಪೈಲಟ್ ಸ್ಪೋರ್ಟ್‌ನಲ್ಲಿ ಮಳೆಯ ದಿನವೂ ಟ್ರ್ಯಾಕ್‌ನಲ್ಲಿ ಖುಷಿಯಾಗಿ ಓಡಿಸಿದ್ದೇನೆ. ಒಮ್ಮೆ ಅರ್ಧಕ್ಕಿಂತ ಹೆಚ್ಚು ಸವೆದ 245ರಲ್ಲಿ ಮನೆಗೆ ಬರುವಾಗ ಹೆದ್ದಾರಿಯಲ್ಲಿ ಜೋರು ಮಳೆ. ನಿಂತ ನೀರಿನ ಮೇಲೆ ಹೋದಾಗ ಸ್ಟೇರಿಂಗ್ ಕೈಯಲ್ಲಿ ಸುಮ್ನೆ ತಿರುಗಿತು, ಕಾರು ನೇರ ಹೋಯಿತು. ಅಗಲ ಹೆಚ್ಚಾದಷ್ಟೂ ನೀರು ಹೊರಹಾಕುವುದು ಕಷ್ಟ, ಆಳ ಕಡಿಮೆ ಆದಷ್ಟೂ ಇನ್ನೂ ಕಷ್ಟ. ಸವೆದು 1.6 ಮಿಮೀ ಆಳದ ಗುರುತು ಬರುವವರೆಗೆ ಕಾಯುವುದು ಟ್ರ್ಯಾಕ್ ಟೈರಿಗೆ ಸರಿಯಲ್ಲ. 3 ಮಿಮೀ ಆದರೆ ಮಳೆಗಾಲದಲ್ಲಿ ನಾನು ಅದನ್ನು ರಸ್ತೆಗೆ ಇಳಿಸುವುದಿಲ್ಲ.

ಹೀಗಾಗಿ, ಇದೇ ಥರದ ಹಗುರ ಕಾರಿಟ್ಟುಕೊಂಡು ಮೊದಲ ಸಲ ಹೋಗುತ್ತಿದ್ದೀರಾ? ಪೈಲಟ್ ಸ್ಪೋರ್ಟ್ ಥರದ ಒಳ್ಳೆಯ ರಸ್ತೆ ಟೈರು, ಕಂಪನಿಯ ಅಳತೆ, ಮೂರ್ನಾಲ್ಕು ಸಲ ಅದರಲ್ಲೇ ಹೋಗಿ. ಅಗಲದ ವೀಲ್‌ಗೆ ಇಟ್ಟ ದುಡ್ಡನ್ನು ಕ್ಯಾಂಬರ್ ಪ್ಲೇಟ್‌ಗೆ ಹಾಕಿ. ಒಂದು ಲ್ಯಾಪ್‌ನ ಹೊತ್ತು ಇಳಿಸುವುದೇ ನಿಮ್ಮ ಆಸೆಯಾದರೆ ಆರ್‌ಇ-71ಆರ್‌ಎಸ್. ದಿನವಿಡೀ ಓಡಿಸಿ ಕಲಿಯಬೇಕು ಅಂದರೆ 225ರ ಆರ್‌ಎಸ್4. ಯಾವುದೇ ತಗೊಂಡರೂ ಭಾರದ ಸೂಚ್ಯಂಕ (ಟೈರು ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಸಂಖ್ಯೆ) ಕಂಪನಿಯದಕ್ಕಿಂತ ಕಡಿಮೆ ಇರಬಾರದು, ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ನೋಡಿಯೇ ತಗೊಳ್ಳಿ.

ನಾನು 245ರ ಸೆಟ್ ವೀಲ್ ಸಮೇತ ಕೊಟ್ಟುಬಿಟ್ಟೆ. ಈಗ ಹೊಸ 225ರ ಆರ್‌ಎಸ್4 ಬಂದು ಕೂತಿದೆ. ಮೊದಲ ಸೆಷನ್‌ನಲ್ಲಿ ಮೆಲ್ಲಗೆ ಬಿಸಿ ಮಾಡಿ, ಒಂದು ದಿನ ಹಾಗೇ ಬಿಟ್ಟು, ಆಮೇಲೆ ಜೋರಾಗಿ ಓಡಿಸಬೇಕು. ಸೀಮೆಸುಣ್ಣ ಡಿಕ್ಕಿಯಲ್ಲೇ ಇದೆ.