ಜೈಲಿನ ಗೇಟು: ಕ್ಯಾಮೆರಾ ಒಳಗೋ, ಹೊರಗೋ?

ಕೈದಿಗಳ ಮನೆಯವರನ್ನು ಚಿತ್ರೀಕರಿಸುವವರು ಕ್ಯಾಮೆರಾ ಎಲ್ಲಿಡಬೇಕು? ಅರ್ಜೆಂಟೀನಾದ ಸಿನಿಮಾದವರು ಮೂರು ಜಾಗ ತೋರಿಸಿಕೊಟ್ಟಿದ್ದಾರೆ: ನಡೆಯುತ್ತಿರುವ ಜೈಲು, ಮುಚ್ಚಿದ ಜೈಲು, ಗೇಟಿನ ಆಚೆಯ ರಸ್ತೆ. ಮೂರೂ ಬಗೆಯಲ್ಲಿ ಕೆಲಸ ಮಾಡಿ ನೋಡಿದ ಮೇಲೆ ನಮ್ಮ ಮತ ರಸ್ತೆಗೇ.

ಪಾಬ್ಲೊ ತ್ರಪೇರೊ 2008ರ 'ಲಿಯೊನೆರಾ'ವನ್ನು ನಿಜವಾದ ಜೈಲುಗಳಲ್ಲೇ ತೆಗೆದರು. ಅಲ್ಲಿನ 24.660ನೇ ಕಾನೂನಿನಂತೆ ಮಗು 4 ವರ್ಷದವರೆಗೆ ತಾಯಿಯ ಜೊತೆ ಜೈಲಿನಲ್ಲಿರಬಹುದು. ಕಥೆಯ ಜಗ್ಗಾಟವೆಲ್ಲ ಅದರ ಸುತ್ತಲೇ. ಗೋಡೆ, ಸರಳು ಯಾವುದನ್ನೂ ಕಟ್ಟಬೇಕಿಲ್ಲ, ನಿಜ. ಆದರೆ ಕಬ್ಬಿಣದ ಬಾಗಿಲಿನ ಸದ್ದು ಓಣಿಯುದ್ದಕ್ಕೂ ಮೊಳಗಿ ಮಾತನ್ನು ನುಂಗುತ್ತದೆ. ಸಾಕ್ಷ್ಯಚಿತ್ರಕ್ಕೆ ಇನ್ನೂ ದೊಡ್ಡ ತೊಡಕು ಪಕ್ಕದಲ್ಲೇ ನಿಂತ ಕಾವಲುಗಾರ. ಅವನ ಕಿವಿಗೆ ಬೀಳಬಹುದಾದಷ್ಟನ್ನೇ ಮನೆಯವರು ಆಡುತ್ತಾರೆ.

ಲೋಲಾ ಆರಿಯಸ್ 2024ರ 'ರೆಯಾಸ್'ನಲ್ಲಿ ಬಿಡುಗಡೆಯಾದವರನ್ನು ಬ್ಯೂನಸ್ ಐರಿಸ್‌ನ ಪಾಳುಬಿದ್ದ ಕಸೇರೊಸ್ ಜೈಲಿಗೆ ಕರೆತಂದು, ಹಾಡು ಕುಣಿತದ ಜೊತೆ ಅವರ ಹಿಂದಿನ ಬದುಕನ್ನೇ ಅವರಿಂದ ಆಡಿಸಿದರು. ಕಳೆದುಹೋದದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಾಲೀಮಿಗೆ ಮಾತ್ರ ವಾರಗಟ್ಟಲೆ ಬೇಕು, ಅವಸರ ಮಾಡಿದರೆ ಬಾಯಿಪಾಠ ಒಪ್ಪಿಸಿದಂತಾಗುತ್ತದೆ.

ಇನ್ನು ರಸ್ತೆ. ಹೊರ್ಹೆ ಲಿಯಾಂದ್ರೊ ಕೊಲಾಸ್ ಅವರ 2019ರ 'ಲಾ ವಿಸಿತಾ' ಸಿಯೆರಾ ಚಿಕಾ ಜೈಲಿಗೆ ಭೇಟಿಗೆ ಬರುವ ಹೆಂಗಸರದು. ಬ್ಯೂನಸ್ ಐರಿಸ್‌ನಿಂದ ಆ ಊರು ಸುಮಾರು 350 ಕಿ.ಮೀ. ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು ಗೇಟು ತೆರೆಯುವವರೆಗೆ ಕಾಯಲೇಬೇಕು. ಆ ಬಿಡುವಿನಲ್ಲಿ ಬರುವ ಮಾತು ಇಲ್ಲಿ ಸಿಕ್ಕುವಷ್ಟು ಬೇರೆಲ್ಲೂ ಸಿಕ್ಕುವುದಿಲ್ಲ.

ಸಲಕರಣೆ ಹೆಚ್ಚೇನೂ ಬೇಡ. ಇಬ್ಬರು ಸಾಕು, ಲೆನ್ಸು 35 ಎಂಎಂ. ಉದ್ದನೆಯ ಲೆನ್ಸಿನಲ್ಲಿ ದೂರದಿಂದ ತೆಗೆದರೆ ಕದ್ದು ನೋಡಿದಂತೆ ಕಾಣುತ್ತದೆ, ಸಾಲಿನಲ್ಲಿದ್ದವರೂ ಬೆನ್ನು ತಿರುಗಿಸುತ್ತಾರೆ. ಬಯಲು ಗಾಳಿಗೆ ಮೈಕಿನ ಸ್ಪಂಜು ಸಾಲದು, ತುಪ್ಪಳದ ಕವಚವೇ ಬೇಕು. ಅಲ್ಲಿಯೂ ನಮ್ಮಲ್ಲಿಯಂತೆ ವಿದ್ಯುತ್ 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮು, 1/50 ಸೆಕೆಂಡಿನ ಶಟರ್ ಇಟ್ಟರೆ ಅಂಗಡಿಯ ಟ್ಯೂಬ್‌ಲೈಟು ಮಿಣುಕುವುದಿಲ್ಲ. ಹೊರಡುವ ಮುನ್ನ ಯಾರ ಮಾತೂ ಇಲ್ಲದ ಬರೀ ಸಾಲಿನ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಎಡಿಟಿಂಗಿನಲ್ಲಿ ಮಾತುಗಳ ನಡುವಿನ ಸಂದು ಮುಚ್ಚುವುದು ಅದೇ.

ಕಾಲರ್ ಮೈಕಿಗಿಂತ ಬೂಮ್, ಅಂದರೆ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಮೈಕು, ಮೇಲು. ಸ್ವೆಟರಿನ ಉಜ್ಜಾಟ ಒಂದು ಕಾರಣ. ಎರಡನೆಯದು, ಒಳಗೆ ಹೋಗುವವರ ಬಟ್ಟೆಬರೆ, ಬುತ್ತಿ ಎಲ್ಲವನ್ನೂ ತಡಕಿ ನೋಡುವ ತಪಾಸಣೆ. ಬಿಚ್ಚಲು ಮರೆತ ಒಂದು ಮೈಕಿನಿಂದ ಆಕೆಯ ಆ ದಿನದ ಭೇಟಿಯೇ ತಪ್ಪಬಹುದು. ಕಾಲರ್ ಮೈಕೇ ಬೇಕೆಂದರೆ ಸಾಲು ಕದಲುವ ಮೊದಲೇ ಬಿಚ್ಚಿ ಎಣಿಸಿಕೊಳ್ಳಿ.

ಒಪ್ಪಿಗೆಯನ್ನು ಎರಡು ಸಲ ಕೇಳಬೇಕು, ಹೋಗುವಾಗೊಮ್ಮೆ, ಬರುವಾಗೊಮ್ಮೆ. ಬೆಳಿಗ್ಗೆ ಹೂಂ ಎಂದವರು ಗಂಡನನ್ನೋ ಮಗನನ್ನೋ ನೋಡಿ ಬಂದ ಮೇಲೆ ಬೇಡವೆನ್ನುವುದುಂಟು. ಮೊಕದ್ದಮೆ ಇನ್ನೂ ನಡೆಯುತ್ತಿದ್ದರೆ ಅದರ ವಿಷಯ ಎತ್ತಲೇಬೇಡಿ. ಕೊನೆಗೆ ಚೀಲಗಳ ಮೇಲೆ ಕಣ್ಣಿರಲಿ: ಮುಖ ಮಸುಕು ಮಾಡಿದರೂ ಚೀಲದ ಮೇಲೆ ಬರೆದ ಕೈದಿಯ ಹೆಸರು ಹಾಗೇ ಉಳಿದುಬಿಡುತ್ತದೆ.