ಏಳು ವರ್ಷ ಓಡಿಸಿದ ರೀಬಿಲ್ಟ್ ಕೊರೊಲಾ: ನಮ್ಮ ಅನುಭವ

ಗಾಡಿ 2014ರ ಟೊಯೋಟಾ ಕೊರೊಲಾ ಎಲ್‌ಇ. ಕೊಂಡಿದ್ದು 2018ರ ಅಕ್ಟೋಬರ್‌ನಲ್ಲಿ, ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಹತ್ತಿರ. ಆಗ 61 ಸಾವಿರ ಮೈಲಿ ಓಡಿತ್ತು, ಈಗ 1 ಲಕ್ಷ 48 ಸಾವಿರ ದಾಟಿದೆ. ಕೊಟ್ಟಿದ್ದು 6,900 ಡಾಲರ್. ಅದೇ ವರ್ಷದ, ಹೆಚ್ಚುಕಡಿಮೆ ಅಷ್ಟೇ ಓಡಿದ, ಕ್ಲೀನ್ ಟೈಟಲ್ (ಟೈಟಲ್ ಅಂದರೆ ಗಾಡಿಯ ಒಡೆತನದ ಪತ್ರ) ಇದ್ದ ಕೊರೊಲಾಗೆ ಆಗ ನಮ್ಮ ಕಡೆ ಹನ್ನೊಂದು ಸಾವಿರ ಹೇಳುತ್ತಿದ್ದರು. ನನಗೆ ಕೆಲಸ ಸಿಕ್ಕಿತ್ತು, ಎರಡನೇ ಗಾಡಿ ಬೇಕಿತ್ತು, ಕೈಯಲ್ಲಿ ದುಡ್ಡು ಇರಲಿಲ್ಲ. ನಮ್ಮ ಕಥೆ ಇಷ್ಟೇ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಗಾಡಿಗೆ ಏಟು ಬಿದ್ದಾಗ ಇನ್ಶೂರೆನ್ಸ್‌ನವರು ಲೆಕ್ಕ ಹಾಕಿ, ರಿಪೇರಿ ಮಾಡಿಸಿದರೆ ಗಿಟ್ಟಲ್ಲ ಅನಿಸಿದರೆ ಟೋಟಲ್ ಲಾಸ್ ಅಂತ ಬರೆದು ಮಾಲೀಕನಿಗೆ ದುಡ್ಡು ಕೊಟ್ಟು ಗಾಡಿ ತಗೊಂಡುಬಿಡುತ್ತಾರೆ. ಆಗ ಅದಕ್ಕೆ ಸಾಲ್ವೇಜ್ ಟೈಟಲ್ ಬರುತ್ತದೆ, ರಸ್ತೆಗೆ ಇಳಿಸುವ ಹಾಗಿಲ್ಲ. ಯಾರೋ ಹರಾಜಿನಲ್ಲಿ ಕೊಂಡು ರಿಪೇರಿ ಮಾಡಿ ತಪಾಸಣೆ ಮಾಡಿಸಿದರೆ ರೀಬಿಲ್ಟ್ ಟೈಟಲ್ ಸಿಗುತ್ತದೆ. ಎಷ್ಟು ಏಟು ಬಿದ್ದರೆ ಟೋಟಲ್ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಲ್ಲಿ ರಿಪೇರಿ ಖರ್ಚು ಗಾಡಿ ಬೆಲೆಯ ಶೇಕಡಾ 75 ಆದರೆ ಸಾಕು, ಟೆಕ್ಸಾಸಿನಲ್ಲಿ 100 ಆಗಬೇಕು. ಅಂದರೆ ಒಂದೇ ಏಟು ತಿಂದ ಗಾಡಿ ಒಂದು ಕಡೆ ಗುಜರಿ, ಇನ್ನೊಂದು ಕಡೆ ಸುಮ್ನೆ ಟಿಂಕರಿಂಗ್ ಕೆಲಸ. ಹಳೇ ಗಾಡಿಯಾದರೆ ಬಾಗಿಲು, ಬಂಪರ್, ಎರಡು ಲೈಟು ಹೋದರೂ ಸಾಕು, ಟೋಟಲ್ ಆಗಿಬಿಡುತ್ತದೆ. ಹಾಗಾಗಿ ಆ ಹೆಸರು ಕೇಳಿಯೇ ಹೆದರಬೇಕಾಗಿಲ್ಲ, ಏನು ಏಟು ಬಿದ್ದಿತ್ತು ಅಂತ ನೋಡಬೇಕು.

ಹಾಸನದಿಂದ ಅಪ್ಪ ಮಾತ್ರ ಫೋನಿನಲ್ಲಿ ಬೇಜಾರು ಮಾಡಿಕೊಂಡರು. "ಅಲ್ಲಮ್ಮ, ಅಷ್ಟು ದೂರ ಹೋಗಿ ಆಕ್ಸಿಡೆಂಟ್ ಆದ ಗಾಡಿ ಮನೆಗೆ ತರ್ತೀರಾ?" ಅಂದರು. ಅವರ ಸಮಾಧಾನಕ್ಕೆ ಕೊಲಂಬಸ್ ಪಕ್ಕದ ಪೊವೆಲ್‌ನ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಓಡಿಸಿದ ವಿಡಿಯೊ ಕಳಿಸಿದೆವು.

ಇದಕ್ಕೂ ಮೊದಲು ನೋಡಿದ್ದು ಒಂದು ಕ್ಯಾಮ್ರಿ. ಇನ್ನೂ ಹೊಸದು, ಇನ್ನೂ ಅಗ್ಗ, ಒಳಗೆ ಕೂತರೆ ಪರಿಮಳವೋ ಪರಿಮಳ. ನಮ್ಮನೆಯವರು ಖುಷಿಯಾಗಿ ಸ್ಟೀರಿಂಗ್ ಹಿಡಿದು ಕೂತಿದ್ದರು. ನನಗೆ ಆ ಪರಿಮಳವೇ ಅನುಮಾನ ತಂದಿತು, ಇಷ್ಟೊಂದು ಸೆಂಟು ಯಾಕೆ ಹೊಡೆದಿದ್ದಾನೆ ಅಂತ. ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಿದೆ. ಮೊದಲ ಎರಡು ಅಡಿ ಕಪ್ಪಗೆ ಹೊಳೆಯುತ್ತಿತ್ತು. ಆಮೇಲೆ ಒಂದು ಗೆರೆ ಎಳೆದ ಹಾಗೆ ಕಂದು ಬಣ್ಣ, ಬೆರಳಲ್ಲಿ ಉಜ್ಜಿದರೆ ನುಣ್ಣನೆ ಮಣ್ಣು. ಸ್ಟೆಪ್ನಿ ಎತ್ತಿದರೆ ಅದರ ಗುಂಡಿಯಲ್ಲೂ ಅದೇ ಮಣ್ಣು. ಗಾಡಿ ಬಂದಿದ್ದು ಹ್ಯೂಸ್ಟನ್ ಕಡೆಯಿಂದ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದು ಅಲ್ಲಿ ಲಕ್ಷಗಟ್ಟಲೆ ಗಾಡಿಗಳು ನೀರಲ್ಲಿ ಮುಳುಗಿದ್ದವು, ಗೊತ್ತಲ್ವಾ. ಮಾರುವವನು "ಬಂಪರಿಗೆ ಸ್ವಲ್ಪ ಏಟು ಅಷ್ಟೇ" ಅಂತಲೇ ಹೇಳುತ್ತಿದ್ದ. ನೀರು ಕುಡಿದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಬೇಡ ಅಂತ ನಾನು ಹೇಳೋದು. ವೈರಿನ ಒಳಗೆ ನಿಧಾನಕ್ಕೆ ಕಿಲುಬು ಹಿಡಿಯುತ್ತದೆ, ಯಾವತ್ತು ಯಾವುದು ಕೈ ಕೊಡುತ್ತದೆ ಅಂತ ಯಾವ ಮೆಕ್ಯಾನಿಕ್ಕೂ ಹೇಳಲಾರ.

ಕೊರೊಲಾಗೆ ಬರ್ತೀನಿ. ಇದು ಜಿಂಕೆಗೆ ಗುದ್ದಿದ ಗಾಡಿ. ಅಕ್ಟೋಬರ್, ನವೆಂಬರ್ ಬಂತೆಂದರೆ ಇಲ್ಲಿ ಸಂಜೆ ಹೊತ್ತು ಜಿಂಕೆಗಳು ರಸ್ತೆಗೆ ನುಗ್ಗುತ್ತವೆ, ಒಹಾಯೊದಲ್ಲಿ ಇದು ದಿನಬೆಳಗಾದರೆ ಕೇಳುವ ಸುದ್ದಿ. ಮಾರಿದವರು ಊರಾಚೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದ ವಯಸ್ಸಾದ ಮನುಷ್ಯ. ಕೇಳುವ ಮೊದಲೇ ಹರಾಜಿನ ಫೋಟೊಗಳನ್ನು ತೋರಿಸಿದರು. ಬಾನೆಟ್ಟು ಮಡಚಿಕೊಂಡಿತ್ತು, ಎಡಗಡೆ ಲೈಟು ಇರಲೇ ಇಲ್ಲ, ರೇಡಿಯೇಟರ್ ಒಳಕ್ಕೆ ತಳ್ಳಿಕೊಂಡಿತ್ತು. ಆದರೆ ಒಳಗಿನ ಫೋಟೊದಲ್ಲಿ ಸ್ಟೀರಿಂಗ್ ಚಕ್ರ ಇದ್ದ ಹಾಗೇ ಇತ್ತು, ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. ನಾನು ಒಪ್ಪಿದ್ದು ಆ ಒಂದು ಫೋಟೊ ನೋಡಿ. ಮನೆಗೆ ಬಂದು ಚಾಸಿ ನಂಬರ್ ಹಾಕಿ ಹುಡುಕಿದಾಗ ಅವೇ ಫೋಟೊಗಳು ಇಂಟರ್‌ನೆಟ್ಟಿನಲ್ಲೂ ಸಿಕ್ಕವು. ನಂಬರ್ ಹಾಕಿದರೆ ಹಳೇ ಟೈಟಲ್‌ಗಳನ್ನೆಲ್ಲ ತೋರಿಸುವ ಎನ್‌ಎಂವಿಟಿಐಎಸ್ ಅಂತ ಸರ್ಕಾರದ ದಾಖಲೆ ಇದೆ, ಹತ್ತು ಡಾಲರ್ ಒಳಗೆ ವರದಿ ಸಿಗುತ್ತದೆ, ಅದನ್ನೂ ತೆಗೆಸಿದೆವು.

ಈಗ ನಾನು ದಡ್ಡಿಯಾಗಿದ್ದ ವಿಷಯ. ಟೈಟಲ್ ಮೇಲೆ ರೀಬಿಲ್ಟ್ ಅಂತ ಅಚ್ಚಾಗಿದೆ, ಹೈವೇ ಪೊಲೀಸರೇ ತಪಾಸಣೆ ಮಾಡಿದ್ದಾರೆ, ಅಂದಮೇಲೆ ರಿಪೇರಿ ಸರಿಯಾಗಿಯೇ ಇರಬೇಕು ಅಂದುಕೊಂಡಿದ್ದೆ. ಆ ತಪಾಸಣೆಯಲ್ಲಿ ಅವರು ಮುಖ್ಯವಾಗಿ ನೋಡೋದು ಹಾಕಿದ ಪಾರ್ಟುಗಳಿಗೆ ರಸೀದಿ ಇದೆಯಾ, ಕದ್ದ ಮಾಲು ಏನಾದರೂ ಇದೆಯಾ ಅಂತ. ವೆಲ್ಡಿಂಗ್ ಗಟ್ಟಿಯಾಗಿದೆಯಾ ಅಂತ ಅಲ್ಲ! ಅದೂ ಅಲ್ಲದೆ ಒಹಾಯೊದಲ್ಲಿ ಖಾಸಗಿ ಗಾಡಿಗೆ ವರ್ಷ ವರ್ಷ ಬ್ರೇಕು ಗೀಕು ನೋಡುವ ಪದ್ಧತಿಯೇ ಇಲ್ಲ. ಒಮ್ಮೆ ರಸ್ತೆಗೆ ಬಂದರೆ ಮುಗೀತು, ಮತ್ತೆ ಯಾರೂ ಕೇಳೋರಿಲ್ಲ.

ಪುಣ್ಯಕ್ಕೆ ನಮ್ಮನೆಯವರ ಆಫೀಸಿನವರೊಬ್ಬರು ಬೈದು, ಒಂದು ಬಾಡಿ ಶಾಪಿಗೆ ಕಳಿಸಿದರು. ಆತ 120 ಡಾಲರ್ ತಗೊಂಡು ಗಾಡಿಯನ್ನು ಲಿಫ್ಟಿಗೆ ಏರಿಸಿದ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ಇಟ್ಟುಕೊಂಡು ಸುತ್ತಲೂ ಬಂದ. ಬಾಗಿಲುಗಳ ಮೇಲೆ ಕಂಪನಿ ಬಣ್ಣದ ಅಳತೆ, ಬಾನೆಟ್ಟು ಮತ್ತು ಎಡಗಡೆ ಫೆಂಡರ್ ಮೇಲೆ ಅದರ ಎರಡರಷ್ಟು. ಫೆಂಡರ್ ಬೋಲ್ಟುಗಳ ತಲೆ ತೋರಿಸಿದ, ಸ್ಪ್ಯಾನರ್ ಹಾಕಿದ ಕಡೆ ಬಣ್ಣ ಕೆರೆದು ಬೆಳ್ಳಗೆ ಕಾಣುತ್ತಿತ್ತು. ಆಮೇಲೆ ಕೆಳಗಿನಿಂದ ಎರಡು ಉದ್ದನೆ ಚಾಸಿ ತೊಲೆಗಳನ್ನು ಟಾರ್ಚ್ ಹಾಕಿ ನೋಡಿ, ಇದಕ್ಕೆ ಏಟು ಬಿದ್ದಿಲ್ಲ, ಮುಂದಿನ ರೇಡಿಯೇಟರ್ ಹಿಡಿಯುವ ಪಟ್ಟಿ ಮಾತ್ರ ಬದಲಾಯಿಸಿ ವೆಲ್ಡ್ ಮಾಡಿದ್ದಾರೆ ಅಂದ. ಅಷ್ಟು ಸಾಕಾಯಿತು ನಮಗೆ. ಆ ಮಾತು ಹಿಡಿದು ಚೌಕಾಸಿ ಮಾಡಿ 300 ಇಳಿಸಿದೆವು.

ಬ್ಯಾಂಕು ಸಾಲ ಕೊಡಲಿಲ್ಲ. ಪೂರ್ತಿ ನಗದು. ಇನ್ಶೂರೆನ್ಸ್ ಇಬ್ಬರು ಎದುರಿನವರ ನಷ್ಟಕ್ಕೆ ಮಾತ್ರ ಕೊಡ್ತೀವಿ ಅಂದರು, ಮೂರನೆಯವರು ಪೂರ್ತಿ ಕೊಟ್ಟರು. ಕಂಪನಿ ವಾರಂಟಿ ಮರೆತುಬಿಡಿ. ಕೊಳ್ಳುವ ಮೊದಲೇ ಇನ್ಶೂರೆನ್ಸಿಗೆ ಫೋನ್ ಮಾಡಿ ಕೇಳಿ, ಆಮೇಲಲ್ಲ.

ಇಂಜಿನ್, ಗೇರ್‌ಬಾಕ್ಸ್ ಬಗ್ಗೆ ಹೇಳೋಕೆ ಏನೂ ಇಲ್ಲ. ಆಯಿಲ್, ಟೈರು, ಬ್ರೇಕ್ ಪ್ಯಾಡು, ಒಂದು ಬ್ಯಾಟರಿ. ಕೊರೊಲಾ ಕೊರೊಲಾನೇ. ತೊಂದರೆ ಬಂದಿದ್ದೆಲ್ಲ ಆ ಮುಂದಿನ ಎರಡು ಅಡಿಯಲ್ಲೇ. ಎರಡನೇ ಬೇಸಿಗೆಗೆ ಎಸಿ ತಣ್ಣಗಾಗೋದು ನಿಂತಿತು. ರಿಪೇರಿ ಮಾಡುವಾಗ ಹಾಕಿದ್ದ ಕಂಡೆನ್ಸರ್ ಅಗ್ಗದ್ದು, ಲೀಕ್ ಆಗಿತ್ತು, 640 ಡಾಲರ್ ಹೋಯಿತು. ಎಡಗಡೆ ಲೈಟೂ ಕಂಪನಿಯದ್ದಲ್ಲ. ಮಳೆ ಬಂದ ಮಾರನೇ ದಿನ ಗಾಜಿನ ಒಳಗೆ ಹನಿ ಹನಿ ನೀರು. ಬಲಗಡೆಯದ್ದು ತಿಳಿಯಾಗಿದ್ದರೆ ಇದು ಎರಡೇ ವರ್ಷಕ್ಕೆ ಹಳದಿಯಾಗಿ, ಗಾಡಿ ಒಂದು ಕಣ್ಣಿಗೆ ಪೊರೆ ಬಂದ ಹಾಗೆ ಕಾಣುತ್ತಿತ್ತು. ಬೆಳಕೂ ಮೇಲಕ್ಕೆ ಬೀಳುತ್ತಿದ್ದರಿಂದ ರಾತ್ರಿ ಎದುರು ಬರೋರೆಲ್ಲ ಡಿಪ್ ಡಿಮ್ ಮಾಡಿ ಬೈಯುತ್ತಿದ್ದರು. ನನಗೆ ಬಹಳ ದಿನ ಯಾಕೆ ಅಂತಾನೇ ಗೊತ್ತಾಗಲಿಲ್ಲ!

ಮೂರನೇ ಚಳಿಗಾಲಕ್ಕೆ ತುಕ್ಕು ಶುರುವಾಯಿತು. ಇಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದಿರುತ್ತಾರೆ, ಮೂಲೆ ಮೂಲೆಗೂ ಹಿಡಿದಿರುತ್ತದೆ. ವೆಲ್ಡ್ ಮಾಡಿದ ಜಾಗದಲ್ಲಿ ಅದು ಸುಟ್ಟುಹೋಗಿ, ಮೇಲೆ ಡಬ್ಬಿಯ ಸ್ಪ್ರೇ ಹೊಡೆದದ್ದು ಮಾತ್ರ ಉಳಿದಿರುತ್ತದೆ. ಉಪ್ಪಿಗೆ ಅಷ್ಟು ಸಾಕು. ಮುಂದಿನ ಆ ರೇಡಿಯೇಟರ್ ಪಟ್ಟಿಯ ಕೆಳ ಅಂಚು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. 450 ಕೊಟ್ಟು ಕೆರೆಸಿ ಬಣ್ಣ ಹೊಡೆಸಿದೆವು. ನೀವು ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಇದ್ದರೆ ಈ ತಲೆನೋವು ಇಲ್ಲ. ಉಪ್ಪು ಹಾಕುವ ಊರಿನವರು ವೆಲ್ಡಿಂಗ್ ಜಾಸ್ತಿ ಆಗಿರುವ ಗಾಡಿ ಮುಟ್ಟಲೇಬೇಡಿ.

2021ರಲ್ಲಿ ಕೆಂಪು ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಬಂದು ಗುದ್ದಿದ. ತಪ್ಪು ಪೂರ್ತಿ ಅವನದ್ದೇ. ಆದರೂ ಅವನ ಇನ್ಶೂರೆನ್ಸಿನವರು ಟೈಟಲ್ ನೋಡಿ ನಮ್ಮ ಗಾಡಿ ಬೆಲೆಯಲ್ಲಿ ಮೂರನೇ ಒಂದು ಭಾಗ ಕಡಿದುಹಾಕಿದರು. ಬೆಲೆ ಕಮ್ಮಿಯಾದರೆ ಮತ್ತೆ ಟೋಟಲ್ ಆಗೋದು ಸುಲಭ, ಗೊತ್ತಾಯ್ತಾ? ಡಿಕ್ಕಿ ಮುಚ್ಚಳ, ಬಂಪರ್ ಅಷ್ಟಕ್ಕೇ ಗಾಡಿ ಕೈತಪ್ಪುವುದರಲ್ಲಿತ್ತು. ಆ ವರ್ಷ ಹೊಸ ಗಾಡಿ ಸಿಗದೆ ಸೆಕೆಂಡ್ ಹ್ಯಾಂಡ್ ರೇಟು ಆಕಾಶಕ್ಕೆ ಏರಿತ್ತಲ್ಲ, ಅದರಿಂದ ಉಳಿಯಿತು.

ಹೋದ ತಿಂಗಳು ಡೀಲರ್ ಹತ್ತಿರ ಕೇಳಿದೆವು. ಒಬ್ಬ ರೀಬಿಲ್ಟ್ ಮುಟ್ಟೋದೇ ಇಲ್ಲ ಅಂದ, ಇನ್ನೊಬ್ಬ 1,500 ಅಂದ. ಕೊಳ್ಳುವಾಗ ನಾಲ್ಕು ಸಾವಿರ ಉಳಿಸಿದ್ದೆವು, ಮುಂಭಾಗದ ರಿಪೇರಿಗೆ ಲೈಟೂ ಸೇರಿ 1,500ರ ಹತ್ತಿರ ಹೋಯಿತು, ಮಾರುವಾಗ ಇನ್ನೊಂದಿಷ್ಟು ಹೋಗುತ್ತದೆ. ನಮಗೆ ಗಿಟ್ಟಿದ್ದು ಏಳು ವರ್ಷ ಇಟ್ಟುಕೊಂಡಿದ್ದರಿಂದ. ಎರಡು ವರ್ಷಕ್ಕೆ ವೀಸಾ ಮುಗಿದು ಊರಿಗೆ ಹೊರಡುವವರಿಗೆ ಇದು ಖಂಡಿತ ಅಲ್ಲ.

ಚಿಕ್ಕಮ್ಮನ ಮಗ ಸಿನ್ಸಿನಾಟಿಗೆ ಓದೋಕೆ ಬಂದಿದ್ದಾನೆ. ರೀಬಿಲ್ಟ್ ಸಿವಿಕ್ ಒಂದು ನೋಡಿ, "ಅಕ್ಕ, ನಿಂದು ಓಡ್ತಾನೇ ಇದೆ ಅಲ್ವಾ, ನಾನೂ ತಗೋತೀನಿ" ಅಂದ. ಹರಾಜಿನ ಫೋಟೊ ಹುಡುಕಿದೆ. ಸ್ಟೀರಿಂಗ್‌ನಿಂದ ಏರ್‌ಬ್ಯಾಗ್ ಜೋತುಬಿದ್ದಿತ್ತು. ಮತ್ತೆ ಏನು ಹಾಕಿದ್ದಾರೋ ಯಾರಿಗೆ ಗೊತ್ತು. ಕೆಲವರು ಏರ್‌ಬ್ಯಾಗ್ ಹಾಕದೆ ಒಂದು ರೆಸಿಸ್ಟರ್ ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ಲೈಟು ಆರುವ ಹಾಗೆ ಮಾಡುತ್ತಾರೆ. ಅಗ್ಗದ ನಕಲಿ ಇನ್‌ಫ್ಲೇಟರ್ (ಏರ್‌ಬ್ಯಾಗ್ ಉಬ್ಬಿಸುವ ಭಾಗ) ಸಿಡಿದು ಜನ ಸತ್ತಿದ್ದಾರೆ ಅಂತ 2024ರಲ್ಲಿ ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯೇ ಎಚ್ಚರಿಕೆ ಕೊಟ್ಟಿತ್ತು. ಬೇಡ ಅಂದೆ. ನಾಲ್ಕು ದಿನ ಮುನಿಸಿಕೊಂಡ.

ಡೀಲರಿಗೆ 1,500ಕ್ಕೆ ಕೊಡುವ ಬದಲು ನಮ್ಮ ಕೊರೊಲಾವನ್ನೇ ಅವನಿಗೆ ಕೊಡುತ್ತಿದ್ದೇವೆ. ಹರಾಜಿನ ಫೋಟೊ, ಬಿಲ್ಲು ಎಲ್ಲ ಒಂದು ಫೈಲಿನಲ್ಲಿ ಹಾಕಿದ್ದೇನೆ. ಶನಿವಾರ ಬಂದಾಗ ಗಾಡಿ ಕೆಳಗೆ ಮಲಗಿಸಿ, ಟಾರ್ಚ್ ಕೊಟ್ಟು, ತುಕ್ಕಿನ ಜಾಗವನ್ನೂ ತೋರಿಸಿದೆ.